ಪಕ್ಕದ ಮನೆಯವರ ಪರಿಸರಪ್ರೇಮ

ಸೂರಗೊಂಡನಕೊಪ್ಪದ ಜಾತ್ರೆಗೆ ಬರುವವರಲ್ಲಿ ಎರಡು ಬಗೆ. ಮಾಲೆ ಹಾಕಿಕೊಂಡು ದಿನಗಟ್ಟಲೆ ನಡೆದು ಬರುವವರು ಒಂದು ಬಗೆ. ಎಸಿ ಹಾಕಿದ ಕಾರಿನಲ್ಲಿ, ದಾರಿಯುದ್ದಕ್ಕೂ ಗಾಜು ಇಳಿಸದೆ ಬರುವವರು ಇನ್ನೊಂದು ಬಗೆ. ಮೊದಲನೆಯವರು ಪರಿಸರದ ಸುದ್ದಿಯನ್ನೇ ಎತ್ತುವುದಿಲ್ಲ. ಎರಡನೆಯವರು ಕಾರಿನಿಂದ ಒಂದು ಕಾಲು ಕೆಳಗಿಡುವಷ್ಟರಲ್ಲಿ, "ಅಯ್ಯೋ, ಎಷ್ಟು ಪ್ಲಾಸ್ಟಿಕ್ ಕಣ್ರೀ ಇಲ್ಲಿ! ಜನಕ್ಕೆ ಬುದ್ಧೀನೇ ಇಲ್ಲ" ಅಂದಿರುತ್ತಾರೆ. ಅಂದವರ ಕೈಯಲ್ಲಿ ನೀರಿನ ಬಾಟಲಿ. ಅದು ಲೆಕ್ಕಕ್ಕಿಲ್ಲ, ಅದು ಅವರದು.

ಪ್ರತಿ ಫೆಬ್ರುವರಿ 13ರಿಂದ 15ರವರೆಗೆ ನ್ಯಾಮತಿ ತಾಲ್ಲೂಕಿನ ಈ ಸಣ್ಣ ಊರು ಊರಾಗಿ ಉಳಿಯುವುದಿಲ್ಲ. ಸಂತ ಸೇವಾಲಾಲರು 1739ರ ಫೆಬ್ರುವರಿ 15ರಂದು ಹುಟ್ಟಿದ ನೆಲ ಇದು ಎಂದು ಬಂಜಾರರ, ಅಂದರೆ ನಮ್ಮ ಲಂಬಾಣಿಗಳ, ನಂಬಿಕೆ. ಅವರ ಬಾಯಲ್ಲಿ ಇದು ಭಾಯಾಗಡ್. ತೆಲಂಗಾಣ, ಆಂಧ್ರ, ಮಹಾರಾಷ್ಟ್ರಗಳಿಂದಲೂ ತಾಂಡಾಗಳೇ ಎದ್ದು ಬರುತ್ತವೆ. ಉಪ್ಪು, ದವಸವನ್ನು ಎತ್ತಿನ ಬೆನ್ನಿಗೇರಿಸಿ ದೇಶ ಸುತ್ತಿದವರ ಮೊಮ್ಮಕ್ಕಳು. ಹುಲ್ಲು ತಿಂದು ನಡೆಯುವ ಆ ಸಾಗಣೆಗೆ ಹೊಗೆಯೂ ಇರಲಿಲ್ಲ, ಪ್ಲಾಸ್ಟಿಕ್ ಪೊಟ್ಟಣವೂ ಇರಲಿಲ್ಲ. ಹಾಗಂತ ಆ ಹಿರಿಯರನ್ನು ಪರಿಸರವಾದಿಗಳ ಪಟ್ಟಿಗೆ ಸೇರಿಸಿ ಹಾರ ಹಾಕಬೇಡಿ. ಆಗ ಲಾರಿ ಇರಲಿಲ್ಲ, ಅಷ್ಟೆ. ರೈಲು ಬಂತು, ರಸ್ತೆ ಬಂತು, ಎತ್ತಿನ ಕಸುಬು ಕಣ್ಣೆದುರೇ ಮುಗಿದುಹೋಯಿತು.

ಈಗ ಊಟದ ಸಾಲಿಗೆ ಬನ್ನಿ. ಜಾತ್ರೆ ಅಂದ ಮೇಲೆ ಊಟ ಬಿಟ್ಟು ಬೇರೆ ಮಾತು ಎಷ್ಟೊತ್ತು ಆಡಲಿಕ್ಕಾಗುತ್ತದೆ?

ಪರಿಸರಸ್ನೇಹಿ ವಸ್ತುವನ್ನು ಗ್ರಾಹಕ ಯಾಕೆ ಕೊಳ್ಳುತ್ತಾನೆ ಅಂತ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಮಾಡುತ್ತಾರೆ. ಆ ಪುಸ್ತಕಗಳಲ್ಲಿ ಒಬ್ಬ ಗ್ರಾಹಕ ಇರುತ್ತಾನೆ. ಅಂಗಡಿಯಲ್ಲಿ ನಿಂತು ಎಡಗೈಲಿ ಪ್ಲಾಸ್ಟಿಕ್, ಬಲಗೈಲಿ ಹಸಿರು ವಸ್ತು ಹಿಡಿದು, ಭೂಮಿತಾಯಿಯನ್ನು ನೆನೆದು, ಬಲಗೈಯದನ್ನು ಬುಟ್ಟಿಗೆ ಹಾಕುತ್ತಾನೆ. ನಮ್ಮ ಕಡೆ ಇಂಥ ಗ್ರಾಹಕ ನನಗೆ ಇನ್ನೂ ಸಿಕ್ಕಿಲ್ಲ. ಜಾತ್ರೆಯಿರಲಿ, ಮದುವೆಯಿರಲಿ, ನಮ್ಮಲ್ಲಿ ಪರಿಸರಸ್ನೇಹಿ ತಟ್ಟೆಯಲ್ಲಿ ಉಣ್ಣುವವರು ಸಾವಿರ ಜನ, ಆರಿಸಿದವನು ಒಬ್ಬನೇ. ಆ ಒಬ್ಬ ಅಡುಗೆ ಭಟ್ಟರೋ, ಷಾಮಿಯಾನದವನೋ, ಇಲ್ಲವೇ ಹೆಣ್ಣಿನ ಕಡೆಯ ಸೋದರಮಾವನೋ ಆಗಿರುತ್ತಾನೆ. ಸಾಲಿನಲ್ಲಿ ನಿಂತವನು ಅಡಿಕೆ ಹಾಳೆಯ ತಟ್ಟೆ ಕೊಟ್ಟರೆ ಹಾಳೆಯಲ್ಲಿ, ಸ್ಟೀಲು ಕೊಟ್ಟರೆ ಸ್ಟೀಲಿನಲ್ಲಿ, ಬೆಳ್ಳಿಬಣ್ಣ ಬಳಿದ ಕಾಗದದ್ದು ಕೊಟ್ಟರೆ ಅದರಲ್ಲಿ ಉಣ್ಣುತ್ತಾನೆ. ಅವನ ಕಣ್ಣು ಇರುವುದು ಮುಂದಿನ ಬಕೆಟ್ಟಿನಲ್ಲಿ ಪಾಯಸ ಉಳಿದಿದೆಯೇ ಎಂಬುದರ ಮೇಲೆ.

ಆರಿಸುವ ಆ ಒಬ್ಬನನ್ನು ಕೇಳಿ ನೋಡಿ.

"ಯಾಕಣ್ಣಾ ಹಾಳೆ ತಟ್ಟೆ? ಪರಿಸರಕ್ಕೆ ಒಳ್ಳೇದು ಅಂತಲಾ?"

"ಅದೂ ಹೌದನ್ನಿ ಸರ್. ಆದ್ರೆ ಸಾರು ಸೋರಲ್ಲ ನೋಡಿ. ಕಾಗದದ ತಟ್ಟೇಲಿ ಬಿಸಿ ಸಾರು ಬಿಟ್ರೆ ಬೀಗರ ಪಂಚೆ ಮೇಲೇ ಹೋಗುತ್ತೆ. ಅಲ್ಲಿಗೆ ಸಂಬಂಧಾನೇ ಮುಗೀತು."

ನಾನು ಹೇಳುವುದಾದರೆ ಪಿಎಚ್‌ಡಿಯನ್ನು ಈ ಮನುಷ್ಯನಿಗೆ ಕೊಡಬೇಕು. "ಅದೂ ಹೌದನ್ನಿ" ಅಂದನಲ್ಲ, ನಮ್ಮ ಪರಿಸರಪ್ರೇಮದ ಸರಿಯಾದ ಅಳತೆ ಅದೇ. ಪರಿಸರ ಪಟ್ಟಿಯಲ್ಲಿ ಇರುತ್ತದೆ. ತಾಂಬೂಲದ ತಟ್ಟೆಯಲ್ಲಿ ಸುಣ್ಣ ಇರುವಷ್ಟು ಇರುತ್ತದೆ.

ಹಾಳೆ ಅಂದರೆ ನಮ್ಮ ಚನ್ನಗಿರಿ ಕಡೆಯವರಿಗೆ ವಿವರಿಸಬೇಕಿಲ್ಲ. ಅಡಿಕೆ ಮರ ವರ್ಷಕ್ಕೆ ಆರೇಳು ಹಾಳೆ ತಾನಾಗಿಯೇ ಬೀಳಿಸುತ್ತದೆ. ಮರ ಕಡಿಯಬೇಕಿಲ್ಲ, ಹತ್ತಬೇಕಿಲ್ಲ, ಬಿದ್ದದ್ದನ್ನು ಆರಿಸಿ ತಂದರಾಯಿತು. ನೀರಲ್ಲಿ ನೆನೆಸಿ, ಉಜ್ಜಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟಿಲ್ಲ, ಬಣ್ಣವಿಲ್ಲ. ಮೊದಲು ಇದು ದನದ ಮೇವು, ಬಚ್ಚಲೊಲೆಯ ಉರುವಲು, ಕೂಲಿಯವರ ತಲೆಗೆ ಟೋಪಿ. ಇವತ್ತಿಗೂ ತಮಾಷೆ ನೋಡಿ: ತೋಟದಲ್ಲಿ ಎಕರೆಗಟ್ಟಲೆ ಹಾಳೆ ಬಿದ್ದಿರುವ ಯಜಮಾನರು ಮಗಳ ಮದುವೆಗೆ ಬಾಳೆ ಎಲೆ ತರಿಸುತ್ತಾರೆ, ಬಫೆಗೆ ಪೇಟೆಯಿಂದ ಮಿರಿಮಿರಿ ಕಾಗದದ ತಟ್ಟೆ ತರಿಸುತ್ತಾರೆ. ಹಾಳೆ ತಟ್ಟೆಯಲ್ಲಿ ಬಡಿಸಿದರೆ, "ಅಡಿಕೆಗೆ ಕ್ವಿಂಟಾಲಿಗೆ ಅಷ್ಟು ರೇಟು ಬಂದ್ರೂ ಬಿಟ್ಟಿ ಹಾಳೇಲಿ ಊಟ ಹಾಕ್ದ ನೋಡು" ಅಂತ ಬೀಗರು ಆಡಿಕೊಂಡಾರು ಎಂಬ ಭಯ. ಅದೇ ಹಾಳೆ ತಟ್ಟೆಯನ್ನು ಬೆಂಗಳೂರಿನ ರೆಸಾರ್ಟಿನಲ್ಲಿ ಕೊಟ್ಟರೆ ಅದೇ ಯಜಮಾನರ ಮಗ ಊಟಕ್ಕೆ ಮುಂಚೆ ಅದರ ಫೋಟೋ ಹೊಡೆಯುತ್ತಾನೆ.

ಭಯ ಅಂದೆನಲ್ಲ, ಎಲ್ಲಕ್ಕಿಂತ ದೊಡ್ಡ ಸೇಲ್ಸ್‌ಮನ್ ಅದೇ. ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಎಂಬ ಭಯ.

ಇದನ್ನು ನಾನು ಹೇಳಿದರೆ ಹರಟೆ, ಅಮೆರಿಕದವರು ಹೇಳಿದರೆ ಸಂಶೋಧನೆ. ಹೋಟೆಲ್ ಕೋಣೆಯ ಬಚ್ಚಲಲ್ಲಿ "ಪರಿಸರ ಉಳಿಸಿ, ಟವೆಲನ್ನು ಇನ್ನೊಮ್ಮೆ ಬಳಸಿ" ಅಂತ ಚೀಟಿ ಅಂಟಿಸಿರುತ್ತಾರಲ್ಲ, ಅದರ ಮೇಲೆ ಗೋಲ್ಡ್‌ಸ್ಟೈನ್, ಚಾಲ್ದೀನಿ, ಗ್ರಿಸ್ಕೆವಿಷಿಯಸ್ ಎಂಬ ಮೂವರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರಿಸರ ಉಳಿಸಿ ಅಂತ ಬರೆದಾಗ ನೂರರಲ್ಲಿ ಮೂವತ್ತೈದು ಜನ ಮಾತು ಕೇಳಿದರು. "ಇಲ್ಲಿ ಇಳಿದುಕೊಂಡ ಹೆಚ್ಚಿನವರು ಟವೆಲನ್ನು ಮತ್ತೆ ಬಳಸುತ್ತಾರೆ" ಅಂತ ಬರೆದಾಗ ನಲವತ್ನಾಲ್ಕು. ಇನ್ನೊಂದು ಸುತ್ತಿನಲ್ಲಿ "ಇದೇ ಕೋಣೆಯಲ್ಲಿದ್ದ ಹೆಚ್ಚಿನವರು ಬಳಸಿದ್ದಾರೆ" ಅಂತ ಬರೆದರು, ನಲವತ್ತೊಂಬತ್ತಕ್ಕೆ ಏರಿತು! ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ನಿನ್ನೆ ಇದೇ ಮಂಚದ ಮೇಲೆ ಗೊರಕೆ ಹೊಡೆದು ಹೋದವನು ಅನ್ನುವುದಷ್ಟೇ ಸಂಬಂಧ. ಅವನ ಮರ್ಯಾದೆಗೆ ಕೂಡ ಮನುಷ್ಯ ಇಷ್ಟು ಅಂಜುತ್ತಾನೆ ಅಂದ ಮೇಲೆ, ಒಂದೇ ಕೇರಿಯಲ್ಲಿ, ಒಂದೇ ನಲ್ಲಿಯ ಮುಂದೆ ಕೊಡ ಇಟ್ಟು ನಿಲ್ಲುವ ನಮ್ಮ ಗತಿಯೇನು? ಎದುರು ಮನೆಯಲ್ಲಿ ಮಣ್ಣಿನ ಗಣಪತಿ ಕೂರಿಸಿದರು ಅಂದರೆ ಮುಂದಿನ ಚೌತಿಗೆ ಇಡೀ ಸಾಲು ಮಣ್ಣಿನ ಗಣಪತಿ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಎಷ್ಟು ಪ್ರಕಟಣೆ ಹೊರಡಿಸಿದರೂ ಎದುರು ಮನೆಯ ಅತ್ತಿಗೆಯ ಒಂದು ಓರೆನೋಟಕ್ಕೆ ಸಮ ಬರುವುದಿಲ್ಲ.

ಅಮೆರಿಕದಲ್ಲೇ ಟೊಯೊಟಾದವರ ಪ್ರಿಯಸ್ ಅಂತ ಒಂದು ಕಾರು. ಪೆಟ್ರೋಲೂ ಬ್ಯಾಟರಿಯೂ ಸೇರಿ ಓಡುವಂಥದ್ದು. ಯಾಕೆ ಕೊಂಡಿರಿ ಅಂತ ಕೊಂಡವರನ್ನು ಕೇಳಿದ ಒಂದು ಸಮೀಕ್ಷೆ 2007ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಮುಖ್ಯ ಕಾರಣ ಪೆಟ್ರೋಲ್ ಉಳಿತಾಯ ಅಂದವರು ಶೇ 36. ಈ ಕಾರು ನಾನು ಎಂಥವನು ಅಂತ ಜನಕ್ಕೆ ತೋರಿಸುತ್ತದೆ ಅಂದವರು ಶೇ 57! ಅದರ ಆಕಾರವೇ ಬೇರೆ ಇತ್ತು ನೋಡಿ, ದೂರದಿಂದಲೇ ಗುರುತು ಸಿಗುತ್ತಿತ್ತು. ಪರಿಸರ ಉಳಿಸುವುದು ಸರಿ, ಉಳಿಸಿದ್ದು ನಾಲ್ಕು ಜನಕ್ಕೆ ಕಾಣಬೇಡವೇ? ದಾನ ಕೊಟ್ಟ ಟ್ಯೂಬ್‌ಲೈಟಿನ ಮೇಲೆ ಬೆಳಕೇ ಹೊರಬರದಂತೆ ಹೆಸರು ಬರೆಸಿದ ನಮ್ಮ ದೇವಸ್ಥಾನದ ದಾನಿಗಳನ್ನು ಕಂಡವರು ಅಮೆರಿಕದವರನ್ನು ನೋಡಿ ನಗುವ ಹಾಗಿಲ್ಲ.

ಆದರೆ ಮರ್ಯಾದೆಯ ಆಟ ಹೊರಗೆ ಕಾಣುವ ವಸ್ತುವಿಗೆ ಮಾತ್ರ. ಒಳಗಿನದಕ್ಕೆ ಕಾಸಿನ ಲೆಕ್ಕ. ಎಲ್‌ಇಡಿ ಬಲ್ಬಿನ ಕತೆ ನೆನಪಿದೆಯಲ್ಲ? ಮೂರು-ನಾಲ್ಕು ನೂರು ರೂಪಾಯಿ ಇದ್ದಾಗ ಅದನ್ನು ಅಂಗಡಿಯ ಗಾಜಿನೊಳಗೆ ನೋಡಿ ಬರುತ್ತಿದ್ದೆವು. 2015ರಲ್ಲಿ ಕೇಂದ್ರದವರು ಸಗಟಾಗಿ ಕೊಂಡು ಹಂಚಲು ಶುರುಮಾಡಿದರು. ನಮ್ಮ ರಾಜ್ಯದಲ್ಲಿ ಅದಕ್ಕೆ ಹೊಸ ಬೆಳಕು ಅಂತ ಹೆಸರಿಟ್ಟರು. ದರ ಇಳಿದದ್ದೇ ತಡ, ದನದ ಕೊಟ್ಟಿಗೆಗೂ ಎಲ್‌ಇಡಿ ಬಂತು. ಇಂಗಾಲದ ಮಾತು ಯಾರೂ ಆಡಲಿಲ್ಲ, ಕರೆಂಟ್ ಬಿಲ್ಲಿನ ಮಾತು ಆಡಿದರು. ಈಗ ಗೃಹಜ್ಯೋತಿ ಬಂದಿದೆ. ಹಿಂದಿನ ಬಳಕೆಯ ಸರಾಸರಿಗೆ ಇನ್ನೊಂದಿಷ್ಟು ಸೇರಿಸಿ ಅಷ್ಟರೊಳಗೆ ಕರೆಂಟ್ ಪುಕ್ಕಟೆ. 200 ಯೂನಿಟ್ ದಾಟಿದಿರೋ, ಪೂರ್ತಿ ಬಿಲ್ಲು ನಿಮ್ಮದೇ. ಪುಕ್ಕಟೆ ಕೊಟ್ಟರೆ ಜನ ಹಗಲೂ ದೀಪ ಉರಿಸುತ್ತಾರೆ ಅಂತ ಪಂಡಿತರು ಬರೆದರು. ನಮ್ಮ ಓಣಿಯಲ್ಲಿ ನಡೆದದ್ದು ಬೇರೆ. ತಿಂಗಳ ಕೊನೆಯ ವಾರ ಬಂತೆಂದರೆ ಅತ್ತೆ ಮೀಟರಿನ ಮುಂದೆ ನಿಂತು, "ಮಿಕ್ಸಿ ಸಾಕು, ಇನ್ನು ಒಳಕಲ್ಲಲ್ಲಿ ರುಬ್ಬು" ಅನ್ನುತ್ತಾರೆ. ವಿಶ್ವಸಂಸ್ಥೆ ಎಷ್ಟು ಸಮ್ಮೇಳನ ಮಾಡಿದರೂ ಒಳಕಲ್ಲು ವಾಪಸ್ ಬಂದಿರಲಿಲ್ಲ. ಸೊಸೆಗೆ ಇದರಿಂದ ಸಂತೋಷವಾಗಿದೆ ಅಂತ ನಾನು ಹೇಳಲಾರೆ.

ಕಾಸು ಕೊಡುವುದಕ್ಕಿಂತ ಕಾಸು ಕೀಳುವುದು ಇನ್ನೂ ಬೇಗ ಕೆಲಸ ಮಾಡುತ್ತದೆ. ಐರ್ಲೆಂಡ್ ದೇಶದವರು 2002ರಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿದರು. ಚೀಲದ ಬಳಕೆ ಶೇ 90ಕ್ಕೂ ಹೆಚ್ಚು ಬಿದ್ದುಹೋಯಿತು. ರಾತ್ರೋರಾತ್ರಿ ಐರಿಷರಿಗೆ ಭೂಮಿಯ ಮೇಲೆ ಪ್ರೀತಿ ಉಕ್ಕಿತೇ? ಹದಿನೈದು ಸೆಂಟಿನ ಮೇಲಿನ ಪ್ರೀತಿ ಮೊದಲಿನಿಂದಲೂ ಇತ್ತು. ನಮ್ಮ ಸರ್ಕಾರ ಅದಕ್ಕಿಂತ ಧೈರ್ಯಶಾಲಿ. 2016ರ ಮಾರ್ಚ್ 11ರಂದು ಇಡೀ ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚ, ಬ್ಯಾನರು, ಥರ್ಮಾಕೋಲು ಎಲ್ಲವನ್ನೂ ಒಂದೇ ಆದೇಶದಲ್ಲಿ ನಿಷೇಧಿಸಿಬಿಟ್ಟಿತು. 2022ರ ಜುಲೈ 1ರಿಂದ ಕೇಂದ್ರದವರೂ ಒಂದೇ ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ದೊಡ್ಡ ಪಟ್ಟಿಯನ್ನೇ ನಿಷೇಧಿಸಿದರು. ನಿಷೇಧ ಎಲ್ಲಿದೆ ಅಂತ ಹುಡುಕಬೇಕಾದರೆ ಸಂತೆಗೆ ಹೋಗಿ. ತರಕಾರಿಯವಳು ಅತ್ತಿತ್ತ ನೋಡಿ, ತಕ್ಕಡಿಯ ಕೆಳಗಿಂದ ಚೀಲ ತೆಗೆದು ಕೊಡುತ್ತಾಳೆ. ಎರಡು ಕೆಜಿ ಟೊಮೆಟೊ ಕೊಳ್ಳುವಾಗಲೂ ಕಳ್ಳಭಟ್ಟಿ ಕೊಂಡ ರೋಮಾಂಚನ. ಮುಂಚೆ ಇದಿರಲಿಲ್ಲ.

ಆ ನಡುವೆ ಹುಟ್ಟಿದ ಒಂದು ಅದ್ಭುತವನ್ನು ಹೇಳಲೇಬೇಕು. ಬಟ್ಟೆ ಅಂಗಡಿಯಲ್ಲಿ ಕೊಡುತ್ತಾರಲ್ಲ, ಬಟ್ಟೆಯಂತೆಯೇ ಕಾಣುವ, ಮೇಲೆ ಸಣ್ಣಸಣ್ಣ ಚುಕ್ಕಿ ಒತ್ತಿದ, ಹಸಿರು ಬಣ್ಣದ ಕೈಚೀಲ? ನಾನ್ ವೋವನ್ ಅಂತ ಅದರ ಹೆಸರು. ಅದರ ಮೇಲೆ ಒಂದು ಎಲೆಯ ಚಿತ್ರ, "ಪರಿಸರ ಉಳಿಸಿ" ಅಂತ ಬರಹ. ನಮ್ಮ ಚಿಕ್ಕಮ್ಮ ಅಂಥವನ್ನು ಮಡಿಸಿ ಮಡಿಸಿ ಹಾಸಿಗೆಯ ಕೆಳಗೆ ಇಟ್ಟಿದ್ದಾರೆ, ಬಟ್ಟೆ ಚೀಲ ಅಂತ. ಅದು ಪಾಲಿಪ್ರೊಪಿಲೀನ್, ಅಪ್ಪಟ ಪ್ಲಾಸ್ಟಿಕ್ಕು. ಹೇಳಿದರೆ, "ಮುಟ್ಟಿ ನೋಡೋ, ಬಟ್ಟೆ ಹಂಗೇ ಐತೆ" ಅಂತ ನನಗೇ ಗದರಿದರು. ಇಂಥ ಹಸಿರು ಬಣ್ಣ ಬಳಿಯುವ ಜಾಹೀರಾತಿಗೆ ಲಗಾಮು ಹಾಕಲು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಚಿಕ್ಕಮ್ಮನ ಹಾಸಿಗೆಯ ಕೆಳಗಿನವರೆಗೆ ಅದು ಬರುವುದು ಯಾವಾಗಲೋ.

ನಂಬಬಹುದಾದ ಗುರುತು ಬೇಕು ಅಂತ ಸರ್ಕಾರ 1991ರಲ್ಲೇ ಇಕೋಮಾರ್ಕ್ ಅಂತ ತಂದಿತ್ತು. ಗುರುತಿನ ಚಿತ್ರ ಯಾವುದು ಗೊತ್ತೇ? ಮಣ್ಣಿನ ಮಡಕೆ! ಸಾಬೂನು, ಬಣ್ಣ, ಕಾಗದದ ಮೇಲೆ ಮಡಕೆಯ ಚಿತ್ರ ಹಾಕಿಸಿಕೊಳ್ಳಲು ಕಂಪನಿಗಳು ಅರ್ಜಿ ಹಾಕಬೇಕು, ಪರೀಕ್ಷೆ ಮಾಡಿಸಬೇಕು, ಶುಲ್ಕ ಕಟ್ಟಬೇಕು. ಹೆಚ್ಚಿನವರು ಅತ್ತ ತಲೆ ಹಾಕಲಿಲ್ಲ. 2024ರಲ್ಲಿ ಹೊಸ ನಿಯಮ ಮಾಡಿ ಮತ್ತೆ ಎಬ್ಬಿಸಲು ನೋಡುತ್ತಿದ್ದಾರೆ. ಅತ್ತ ಬೇಸಿಗೆಯಲ್ಲಿ ರಸ್ತೆ ಬದಿ ನಿಜವಾದ ಮಡಕೆ ಇಟ್ಟುಕೊಂಡು ಕೂತ ಕುಂಬಾರಣ್ಣನ ಹತ್ತಿರ ಯಾವ ಮಾರ್ಕೂ ಇಲ್ಲ. ಅವನ ಮಡಕೆಯನ್ನು ಬೆರಳಲ್ಲಿ ಟಣ್ ಅಂತ ಬಡಿದು ನೋಡಿ, ಇಪ್ಪತ್ತು ರೂಪಾಯಿ ಚೌಕಾಸಿ ಮಾಡಿ, ಮಡಕೆಯ ಚಿತ್ರ ಇರುವ ಸಾಬೂನನ್ನು ಹೇಳಿದ ರೇಟಿಗೆ ಕೊಂಡು ಮನೆಗೆ ಬರುತ್ತೇವೆ.

ಮರ್ಯಾದೆ, ಕಾಸು ಎರಡನ್ನೂ ಮೀರಿದ ಇನ್ನೊಂದಿದೆ: ಮೈ. ಸ್ವಂತ ಮೈ. ಸಿರಿಧಾನ್ಯವನ್ನೇ ತೆಗೆದುಕೊಳ್ಳಿ. ಕಡಿಮೆ ನೀರು ಕುಡಿಯುತ್ತದೆ, ಬಡ ಭೂಮಿಯಲ್ಲೂ ಬರುತ್ತದೆ, ಗೊಬ್ಬರಕ್ಕೆ ಗೋಳಾಡುವುದಿಲ್ಲ ಅಂತ ವಿಜ್ಞಾನಿಗಳು ಗಂಟಲು ಹರಿದುಕೊಂಡರು. ಯಾರು ಕೇಳಿದರು? ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ "ಶುಗರ್ ಇದೆ" ಅಂದ ದಿನ ಸಂಜೆಗೇ ನವಣೆ ಮನೆಗೆ ಬಂತು. ಮಳೆ ಕಡಿಮೆ ಇರುವ ಜಗಳೂರಿನ ಕಡೆ ಸಾಮೆ, ನವಣೆ ಬೆಳೆದು ಉಂಡವರ ಮಕ್ಕಳು ಈಗ ಮೆಕ್ಕೆಜೋಳ ಬೆಳೆಯುತ್ತಾರೆ. ದಾವಣಗೆರೆ ಜಿಲ್ಲೆಯೇ ಮೆಕ್ಕೆಜೋಳದ ಕಣಜ. ಅದನ್ನು ಕೋಳಿ ಆಹಾರಕ್ಕೆ ಮಾರಿ, ಬಂದ ದುಡ್ಡಲ್ಲಿ ಅರ್ಧ ಕೆಜಿ ನವಣೆಯ ಪ್ಯಾಕೆಟ್ಟು ಕೊಂಡು ತರುತ್ತಾರೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಗಿತ್ತಲ್ಲ, ಆ ವರ್ಷದಿಂದ ಪ್ಯಾಕೆಟ್ಟಿನ ಮೇಲೆ ಮುದುಕಿಯ ಚಿತ್ರವೂ ಬಂತು. ಮುದುಕಿ ಮನೆಯಲ್ಲೇ ಇದ್ದಾಳೆ, ಅನ್ನಭಾಗ್ಯದ ಅಕ್ಕಿ ಉಂಡುಕೊಂಡು.

ಮೈಯ ಮೇಲಿನ ಈ ಭಯ ನಮ್ಮ ಹಾಳೆ ತಟ್ಟೆಗೇ ಏಟು ಹಾಕಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಮೇ ತಿಂಗಳಲ್ಲಿ, ಅಡಿಕೆ ಹಾಳೆಯ ತಟ್ಟೆಯಿಂದ ಅಡಿಕೆಯ ರಾಸಾಯನಿಕಗಳು ಊಟಕ್ಕೆ ಇಳಿಯಬಹುದು, ಇದು ಸುರಕ್ಷಿತವಲ್ಲ ಎಂದು ಹೇಳಿ ಆಮದಿಗೆ ಅಡ್ಡಗಾಲು ಹಾಕಿತು. ಅಲ್ಲಿಯವರೆಗೆ ಅಮೆರಿಕದವರು ಭೂಮಿ ಉಳಿಸಲು ಅದೇ ತಟ್ಟೆಯಲ್ಲಿ ಹುಟ್ಟುಹಬ್ಬದ ಕೇಕು ತಿನ್ನುತ್ತಿದ್ದರು. ಭೂಮಿಯೋ, ಹೊಟ್ಟೆಯೋ ಎಂಬ ಪ್ರಶ್ನೆ ಎದ್ದಾಗ ಭೂಮಿಯ ಪರ ಒಂದು ವೋಟೂ ಬೀಳಲಿಲ್ಲ. ಹಾಳೆ ತಟ್ಟೆ ಒತ್ತುವ ಘಟಕಗಳವರು ತಲೆಯ ಮೇಲೆ ಕೈ ಹೊತ್ತು ಕೂತರು. ಅವರ ಕಷ್ಟ ನಗುವ ವಿಷಯವಲ್ಲ. ಆದರೆ ಅಡಿಕೆಯನ್ನೇ ಸುಣ್ಣ ಹಚ್ಚಿ ದವಡೆಗೆ ಒತ್ತಿಕೊಂಡ ನಮ್ಮ ಯಜಮಾನರೊಬ್ಬರು, ಎಲೆಯಡಿಕೆ ಉಗಿದು ಬಂದು, "ಅಲ್ರೀ, ಬರೀ ತಟ್ಟೆಗೇ ಹಿಂಗ್ ಹೆದರಿದ್ರಾ ಅವ್ರು?" ಅಂದಾಗ ಮುಖ ಗಂಭೀರ ಇಟ್ಟುಕೊಳ್ಳುವುದು ಕಷ್ಟವಾಯಿತು. ಅಡಿಕೆ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಬರೆದಿಟ್ಟಿದೆ ಎಂಬುದನ್ನು ಅವರಿಗೆ ಹೇಳಿದೆ. "ಅದು ಬಿಡ್ರೀ, ರೇಟ್ ಇಳಿಸೋಕೆ ಮಾಡಿದ್ದು" ಅಂದರು.

ಜಾತ್ರೆಯ ಬೀದಿಗೇ ಇನ್ನೊಮ್ಮೆ ಬರೋಣ, ಒಂದು ಲಂಗದ ವಿಚಾರ ಉಳಿದಿದೆ. ಲಂಬಾಣಿ ಅಜ್ಜಿಯರ ಲಂಗ, ಕಂಚುಕಿ ನೋಡಿದ್ದೀರಲ್ಲ? ತುಂಡು ತುಂಡು ಬಟ್ಟೆ ಸೇರಿಸಿ, ಕನ್ನಡಿ, ಕವಡೆ, ನಾಣ್ಯ ಕೂರಿಸಿ, ಒಂದೊಂದು ಹೊಲಿಗೆಯನ್ನೂ ಕೈಯಲ್ಲೇ ಹಾಕಿದ್ದು. ಹಳೆಯ ಬಟ್ಟೆಗೆ ಹೊಸ ಜನ್ಮ ಕೊಡುವ ವಿದ್ಯೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರಿನ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1,755 ಕಸೂತಿ ವಸ್ತುಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಈಗ ಬೆಂಗಳೂರಿನ ಅಂಗಡಿಯಲ್ಲಿ ಆ ಕಸೂತಿಯ ಕೈಚೀಲ ನೇತುಹಾಕಿ, ಪಕ್ಕದಲ್ಲಿ ಪರಿಸರಸ್ನೇಹಿ ಅಂತ ಚೀಟಿ ಕಟ್ಟಿರುತ್ತಾರೆ. ಕೊಂಡ ಮೇಡಂ ಸಾವಿರಗಟ್ಟಲೆ ಕೊಟ್ಟು, ಚೀಲ ಹೆಗಲಿಗೆ ಹಾಕಿ, ಆ ಚೀಟಿ ಹರಿದುಹೋಗದ ಹಾಗೆ ಜೋಪಾನ ಮಾಡುತ್ತಾರೆ. ಇತ್ತ ತಾಂಡಾದಲ್ಲಿ ಆ ಅಜ್ಜಿಯ ಮೊಮ್ಮಗಳು ಪಾಲಿಯೆಸ್ಟರ್ ಚೂಡಿದಾರಕ್ಕೆ ಬದಲಾಯಿಸಿ ಆಗಲೇ ಬಹಳ ದಿನವಾಯಿತು. ಅವಳನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ಆ ಲಂಗದ ಭಾರ ಹೊತ್ತು ಕಬ್ಬು ಕಡಿದು ನೋಡಿದವರಿಗೆ ಪಾಲಿಯೆಸ್ಟರಿನ ಹಗುರ ಗೊತ್ತಾಗುತ್ತದೆ. ಅಜ್ಜಿ ತೊಟ್ಟರೆ ಹಿಂದುಳಿದವಳು, ಮೇಡಂ ತೊಟ್ಟರೆ ಮುಂದುವರಿದವರು. ಬಟ್ಟೆ ಒಂದೇ, ಚೀಟಿಯೊಂದು ಕಮ್ಮಿ.

ಹಾಗೆ ನೋಡಿದರೆ ಕೊಳ್ಳುವಂಥದ್ದಕ್ಕೆ ಮಾತ್ರ ಈ ಚೀಟಿ ಕಟ್ಟುತ್ತಾರೆ. ಮೂವತ್ತು ವರ್ಷದಿಂದ ಅದೇ ಸ್ಟೀಲ್ ತಟ್ಟೆಯಲ್ಲಿ ಉಣ್ಣುವವನಿಗೆ ಪರಿಸರಪ್ರೇಮಿ ಅಂತ ಯಾರಾದರೂ ಶಾಲು ಹೊದಿಸಿದ್ದಾರೆಯೇ? ಒಂದು ಊಟಕ್ಕೆ ಬಳಸಿ ಬಿಸಾಡುವ ಹಾಳೆಗಿಂತ ತೊಳೆದು ಸಾವಿರ ಸಲ ಉಣ್ಣುವ ಸ್ಟೀಲು ಮೇಲಲ್ಲವೇ ಅಂತ ಒಂದು ಸಲ ಊರ ಕಟ್ಟೆಯ ಮೇಲೆ ಮಾತು ತೆಗೆದೆ. ಬೆಂಗಳೂರಿನಲ್ಲಿ ಅದಮ್ಯ ಚೇತನದವರು ತಟ್ಟೆ ಬ್ಯಾಂಕ್ ಮಾಡಿದ್ದಾರೆ, ಸಮಾರಂಭಕ್ಕೆ ಸ್ಟೀಲ್ ತಟ್ಟೆ-ಲೋಟ ಕೊಡುತ್ತಾರೆ, ನಮ್ಮೂರಲ್ಲೂ ಮಾಡಬಹುದು ಅಂದೆ. ಗಂಡಸರೆಲ್ಲ ಹೌದು ಹೌದು ಅಂದರು. ಪರಿಸರದ ಬಗ್ಗೆ ಅಷ್ಟು ಒಮ್ಮತ ನಾನು ಎಲ್ಲೂ ಕಂಡಿರಲಿಲ್ಲ. ಅಷ್ಟರಲ್ಲಿ ಸ್ತ್ರೀಶಕ್ತಿ ಸಂಘದ ಅಕ್ಕ ಒಬ್ಬರು ಹಾಲಿನ ಡೇರಿಯಿಂದ ಕ್ಯಾನು ಹಿಡಿದು ಬರುತ್ತಿದ್ದವರು ನಿಂತರು.

"ತಟ್ಟೆ ನಮ್ ಸಂಘದೋರೇ ತರ್ತೀವಿ, ಬಾಡಿಗೆ ಬ್ಯಾಡ" ಅಂದರು.

ಕಟ್ಟೆಯವರಿಗೆ ಖುಷಿಯೋ ಖುಷಿ.

"ಊಟ ಆದ್ ಮ್ಯಾಲೆ ಐನೂರು ತಟ್ಟೆ ತೊಳೆಯೋ ಐದು ಗಂಡಸ್ರ ಹೆಸ್ರು ಮೊದ್ಲೇ ಬರ್ಸಿ ಕೊಡ್ರಿ. ಅಷ್ಟು ಸಾಕು."

ಕಟ್ಟೆಯ ಮೇಲೆ ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು ಷಾಮಿಯಾನದವನ ಕಡೆ ತಿರುಗಿದರು: "ಅಲ್ಲೋ ತಮ್ಮಾ, ಹಾಳೆ ತಟ್ಟೆ ನೂರಕ್ಕೆ ಎಷ್ಟೈತೀಗ?"